ಶ್ವಾಸನಾಳದ ಸ್ಟೆಂಟ್: ಹಾಕಿಸುವ ಮುನ್ನ, ಹಾಕಿಸಿದ ಮೇಲೆ

ಶ್ವಾಸನಾಳ ಕಿರಿದಾಗಿರುವುದನ್ನು ಉಬ್ಬಸವೆಂದು ತಪ್ಪಾಗಿ ತಿಳಿಯುವುದುಂಟು. ಇನ್‌ಹೇಲರ್‌ನಿಂದ ಗುಣ ಕಾಣದೆ, ಉಸಿರೆಳೆದುಕೊಳ್ಳುವಾಗ ಗಂಟಲ ಬಳಿ ಸೀಟಿಯಂಥ ಸದ್ದು ಕೇಳಿಸುತ್ತಿದ್ದರೆ, ಅದರಲ್ಲೂ ರೋಗಿ ಹಿಂದೆ ವೆಂಟಿಲೇಟರ್‌ನಲ್ಲಿ ಇದ್ದವರಾಗಿದ್ದರೆ, ಸಿ.ಟಿ. ಸ್ಕ್ಯಾನ್ ಮತ್ತು ಬ್ರಾಂಕೋಸ್ಕೋಪಿಯ (ನಳಿಕೆ ಇಳಿಸಿ ಶ್ವಾಸನಾಳದ ಒಳಗನ್ನು ನೋಡುವ ಪರೀಕ್ಷೆ) ಬಗ್ಗೆ ವೈದ್ಯರನ್ನು ಕೇಳಬೇಕು. ವಯಸ್ಕರಲ್ಲಿ 15ರಿಂದ 20 ಮಿ.ಮೀ.ನಷ್ಟು ಅಗಲವಿರುವ ಈ ನಾಳ ಸುಮಾರು 8 ಮಿ.ಮೀ.ಗೆ ಇಳಿದಾಗ ನಡೆದರೆ ಏದುಸಿರು ಬರುತ್ತದೆ; 5 ಮಿ.ಮೀ.ಗೆ ಇಳಿದಾಗ ಕುಳಿತಲ್ಲೇ ಉಸಿರು ಸಾಲದಾಗುತ್ತದೆ.

ಸ್ಟೆಂಟ್ ಎಂದರೆ ಕಿರಿದಾದ ಜಾಗವನ್ನು ಒಳಗಿನಿಂದ ತೆರೆದಿಡುವ ಕೊಳವೆ. ಅದನ್ನು ಒಪ್ಪಿಕೊಳ್ಳುವ ಮೊದಲು ಕಿರಿದಾಗಲು ಕಾರಣವೇನೆಂದು ತಿಳಿಯಬೇಕು, ಏಕೆಂದರೆ ಮುಂದಿನ ನಿರ್ಧಾರಗಳೆಲ್ಲ ಅದನ್ನೇ ಅವಲಂಬಿಸಿವೆ. ಗಡ್ಡೆ ಹೊರಗಿನಿಂದ ನಾಳವನ್ನು ಒತ್ತುತ್ತಿದ್ದರೆ ಸ್ಟೆಂಟ್ ಕೂಡಲೇ ಉಸಿರಿಗೆ ದಾರಿ ಮಾಡಿಕೊಡುತ್ತದೆ. ಹಳೆಯ ಗಾಯ ಮಾಗಿ ಗಟ್ಟಿಯಾದ ಕಲೆಯೇ ಕಾರಣವಾಗಿದ್ದರೆ, ಕೆಟ್ಟ ಭಾಗವನ್ನು ಕತ್ತರಿಸಿ ತುದಿಗಳನ್ನು ಜೋಡಿಸುವ ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ಮೊದಲು ವಿಚಾರಿಸುವುದೇ ಸರಿ. ಅದು ಸಾಧ್ಯವಿಲ್ಲದಿದ್ದರೆ, ಬೇಕಾದಾಗ ಹೊರತೆಗೆಯಬಹುದಾದ ಸಿಲಿಕೋನ್ ಸ್ಟೆಂಟ್ ಸಾಮಾನ್ಯವಾಗಿ ಮೊದಲ ಆಯ್ಕೆಯಾಗುತ್ತದೆ. ಫ್ರಾನ್ಸಿನ ವೈದ್ಯ ಡ್ಯುಮೋನ್ 1990ರಲ್ಲಿ ವಿವರಿಸಿದ ಮಾದರಿ ಈಗಲೂ ಬಳಕೆಯಲ್ಲಿದೆ. ಲೋಹದ ಜಾಲರಿಯ ಸ್ಟೆಂಟ್ ಹಾಕುವುದು ಸುಲಭ, ಆದರೆ ಜಾಲರಿಯೊಳಗೆ ಅಂಗಾಂಶ ಬೆಳೆದುಕೊಂಡರೆ ತೆಗೆಯುವುದು ಬಹಳ ಕಷ್ಟ. ಕ್ಯಾನ್ಸರ್ ಅಲ್ಲದ ತೊಂದರೆಗಳಿಗೆ ಅದನ್ನು ಬಳಸುವ ಬಗ್ಗೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲಿಯೇ ಎಚ್ಚರಿಸಿತ್ತು. ಆದ್ದರಿಂದ ‘ಇದನ್ನು ಯಾವಾಗ ತೆಗೆಯುತ್ತೀರಿ?’ ಎಂಬ ಪ್ರಶ್ನೆಯನ್ನು ಹಾಕಿಸುವ ದಿನಕ್ಕೆ ಮುಂಚೆಯೇ ಕೇಳಿಬಿಡಿ.

ಸಿಲಿಕೋನ್ ಸ್ಟೆಂಟನ್ನು ಪೂರ್ಣ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಇಳಿಸುವ ಗಟ್ಟಿ ಬ್ರಾಂಕೋಸ್ಕೋಪ್‌ನಿಂದ ಕೂರಿಸುತ್ತಾರೆ. ರಕ್ತ ತೆಳುಮಾಡುವ ಮಾತ್ರೆಗಳನ್ನು ಸೇವಿಸುತ್ತಿದ್ದರೆ ಮೊದಲೇ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು.

ನಿಜವಾದ ಕೆಲಸ ಮನೆಗೆ ಬಂದ ಮೇಲಿನದು. ಶ್ವಾಸನಾಳದ ಒಳಪದರದಲ್ಲಿರುವ ಸೂಕ್ಷ್ಮ ರೋಮಗಳು ಕಫವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಸ್ಟೆಂಟ್ ಮುಚ್ಚಿದಲ್ಲಿ ಆ ಕೆಲಸ ನಿಂತುಹೋಗಿ, ಕಫ ಒಣಗಿ ಕೊಳವೆಗೆ ಅಂಟಿಕೊಳ್ಳುತ್ತದೆ. ಅದಕ್ಕಾಗಿಯೇ ವೈದ್ಯರು ಹೇಳಿದಷ್ಟು ಸಲ, ಮೈ ಹಗುರವೆನಿಸಿದ ದಿನವೂ ಬಿಡದೆ, ಸಲೈನ್ ನೆಬ್ಯುಲೈಸರ್ (ಉಪ್ಪುನೀರನ್ನು ಮಂಜಿನಂತೆ ಮಾಡಿ ಉಸಿರಿನೊಂದಿಗೆ ಒಳಗೆ ಕಳಿಸುವ ಸಾಧನ) ತೆಗೆದುಕೊಳ್ಳಬೇಕು. ಧೂಮಪಾನ ಬಿಡಲೇಬೇಕು. ಸ್ಟೆಂಟ್ ಜಾರಬಹುದು, ಅದರ ತುದಿಗಳಲ್ಲಿ ಮಾಂಸ ಬೆಳೆಯಬಹುದು. ಹಾಗಾಗಿ ಗೊತ್ತುಮಾಡಿದ ತಪಾಸಣೆಗಳನ್ನು ತಪ್ಪಿಸಬಾರದು.

ದನಿ ಇದ್ದಕ್ಕಿದ್ದಂತೆ ಬದಲಾದರೆ, ಕೆಮ್ಮು ಬಿಡದೆ ಬಂದರೆ, ಕಫದಲ್ಲಿ ರಕ್ತ ಅಥವಾ ದುರ್ವಾಸನೆ ಕಂಡುಬಂದರೆ ಅಂದೇ ವೈದ್ಯರನ್ನು ಕಾಣಬೇಕು; ಸೀಟಿಯ ಸದ್ದು ಮರಳಿದರೆ ಅಥವಾ ಉಸಿರು ಕಟ್ಟಿದಂತಾದರೆ ತಡಮಾಡದೆ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು. ಸ್ಟೆಂಟಿನ ಬಗೆ, ಅಳತೆ, ಇರುವ ಜಾಗ, ಹಾಕಿದ ದಿನಾಂಕ ಇವಿಷ್ಟನ್ನೂ ಬರೆದ ಚೀಟಿ ಸದಾ ಜೇಬಿನಲ್ಲಿರಲಿ. ಬೇರೆ ಯಾವುದೋ ಕಾಯಿಲೆಗೆ ಅರಿವಳಿಕೆ ಕೊಡಬೇಕಾಗಿ ಬಂದಾಗ, ಸ್ಟೆಂಟ್ ಇರುವುದು ತಿಳಿಯದೆ ಗಂಟಲಿಗೆ ಉಸಿರಾಟದ ಕೊಳವೆ ಇಳಿಸಿದರೆ ಅದು ಸ್ಟೆಂಟನ್ನೇ ಕೆಳಕ್ಕೆ ತಳ್ಳಿಬಿಡಬಹುದು.