ಲಂಡನ್ನಿನ ವೆಂಬ್ಲಿ ಕಡೆ ಮನೆ ಹಿಡಿದ ಹೊಸಬರಿಗೆ

ಮ್ಯಾಚ್ ಇರುವ ದಿನ ಕರಿಬೇವು, ಸೊಪ್ಪು ತರೋಕೆ ಅಂತ ಈಲಿಂಗ್ ರೋಡಿಗೆ ಕಾರಿನಲ್ಲಿ ಹೋಗಬೇಡಿ. ಅವತ್ತು ವೆಂಬ್ಲಿ ಸ್ಟೇಡಿಯಂ ಸುತ್ತಲಿನ ಬೀದಿಗಳಲ್ಲಿ ಪರ್ಮಿಟ್ ಇಲ್ಲದವರು ಕಾರು ನಿಲ್ಲಿಸುವಂತಿಲ್ಲ. ನಾನು ಬೋರ್ಡ್ ಓದದೆ ಎರಡು ಸಲ ದಂಡ ಕಟ್ಟಿದ್ದೇನೆ. ಸ್ಟೇಡಿಯಂಗೆ ಹೋಗುವುದಾದರೆ ಜುಬಿಲಿ ಅಥವಾ ಮೆಟ್ರೋಪಾಲಿಟನ್ ಲೈನ್ ರೈಲು ಹಿಡಿದು ವೆಂಬ್ಲಿ ಪಾರ್ಕಿನಲ್ಲಿ ಇಳಿಯಿರಿ. ಸ್ಟೇಡಿಯಂ ಟೂರ್ ಟಿಕೆಟ್ ಆನ್‌ಲೈನಿನಲ್ಲಿ ಸಿಗುತ್ತದೆ.

ದಂಡದ ದುಡ್ಡು ಮರೆತುಹೋಯಿತು. ಇನ್ನೊಂದು ತಪ್ಪು ಮರೆಯೋಕೆ ಆಗಿಲ್ಲ.

ನಾನು ಬಂದದ್ದು 1998ರಲ್ಲಿ. ಮರುವರ್ಷ ಹಾಸನದಿಂದ ಅಪ್ಪ ಬಂದರು. ಅರಮನೆ, ಮ್ಯೂಸಿಯಂ ಯಾವುದನ್ನೂ ಅವರಾಗಿ ಕೇಳಲಿಲ್ಲ. ಕೇಳಿದ್ದು ಒಂದೇ. "ನಲವತ್ತೆಂಟರಲ್ಲಿ ನಮ್ಮವರು ಹಾಕಿ ಗೆದ್ದ ಜಾಗ ತೋರಿಸೋ, ವೆಂಬ್ಲಿ ಅಂತ." ನಾನು, "ಅದು ಫುಟ್‌ಬಾಲ್ ಸ್ಟೇಡಿಯಂ ಅಪ್ಪಾ, ನಿಮಗೆಲ್ಲೋ ಮರೆತಿರಬೇಕು" ಎಂದೆ. ಅವರು ಮತ್ತೆ ಕೇಳಲಿಲ್ಲ.

ಅಪ್ಪ ಹೇಳಿದ್ದೇ ಸರಿ. 1948ರ ಆಗಸ್ಟ್ 12, ಒಲಿಂಪಿಕ್ಸ್ ಹಾಕಿ ಫೈನಲ್. ನಡೆದದ್ದು ಅದೇ ಮೈದಾನದಲ್ಲಿ. ಬ್ರಿಟನ್ ಎದುರು ಭಾರತ 4-0. ಬಲ್ಬೀರ್ ಸಿಂಗ್ ಎರಡು ಗೋಲು ಹೊಡೆದರು. ಸ್ವಾತಂತ್ರ್ಯಕ್ಕೆ ವರ್ಷ ತುಂಬಲು ಇನ್ನೂ ಮೂರು ದಿನ ಇತ್ತು. ಆ ಮೈದಾನದ ಹೆಸರೇ ಎಂಪೈರ್ ಸ್ಟೇಡಿಯಂ, ಸಾಮ್ರಾಜ್ಯದ ವಸ್ತುಪ್ರದರ್ಶನಕ್ಕೆ ಅಂತ ಕಟ್ಟಿಸಿದ್ದು! ಅಲ್ಲಿ ನಮ್ಮ ಬಾವುಟ ಏರಿತು. ಇದನ್ನು ನನ್ನಪ್ಪ ಐವತ್ತು ವರ್ಷ ಮನಸ್ಸಲ್ಲಿ ಇಟ್ಟುಕೊಂಡಿದ್ದರು. ಪಕ್ಕದಲ್ಲೇ ಇದ್ದ ನನಗೆ ಗೊತ್ತಿರಲಿಲ್ಲ.

ಇಲ್ಲಿಯವರಿಗೂ ಅದು ಸುಮ್ನೆ ಒಂದು ಕಟ್ಟಡವಲ್ಲ. 1923ರ ಏಪ್ರಿಲ್ 28ರಂದು ಅಲ್ಲಿ ನಡೆದ ಮೊದಲ ಎಫ್ಎ ಕಪ್ (ಇಂಗ್ಲೆಂಡಿನ ಫುಟ್‌ಬಾಲ್ ಕಪ್) ಫೈನಲ್ಲಿಗೆ ಲೆಕ್ಕಕ್ಕೆ ಸಿಕ್ಕವರೇ 1,26,047 ಜನ. ಬಂದವರು ಅದಕ್ಕಿಂತ ತುಂಬಾ ಜಾಸ್ತಿ. ಗೋಡೆ ಹಾರಿ ಬಂದು ಮೈದಾನದಲ್ಲೇ ನಿಂತರು. ಬಿಲ್ಲಿ ಅನ್ನೋ, ಬಿಳಿಯಾಗಿ ಕಾಣುತ್ತಿದ್ದ ಪೊಲೀಸ್ ಕುದುರೆ ಅವರನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ ಮೇಲೆ ಆಟ ಶುರುವಾಯಿತು. ಈಗ ಅಲ್ಲಿರುವ ವೈಟ್ ಹಾರ್ಸ್ ಬ್ರಿಡ್ಜಿಗೆ ಹೆಸರು ಬಂದದ್ದು ಆ ಕುದುರೆಯಿಂದಲೇ. 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದದ್ದೂ ಅಲ್ಲೇ.

ಹಳೇ ಸ್ಟೇಡಿಯಂನ ಕೊನೆಯ ಪಂದ್ಯ 2000ದ ಅಕ್ಟೋಬರ್ 7ರಂದು ಆಯಿತು. 2003ರಲ್ಲಿ ಎರಡು ಬಿಳಿ ಗೋಪುರಗಳನ್ನೂ ಕೆಡವಿದರು. ಅಪ್ಪ ಮತ್ತೆ ಬರಲೇ ಇಲ್ಲ. ಈಗಿನದು 2007ರದ್ದು. 90,000 ಸೀಟು, 133 ಮೀಟರ್ ಎತ್ತರದ ಕಮಾನು. ಚೆನ್ನಾಗಿದೆ. ಅಪ್ಪ ಕೇಳಿದ್ದು ಅದನ್ನಲ್ಲ.

ಊರಿನಿಂದ ಅಪ್ಪ ಅಮ್ಮ ಬಂದಾಗ ನೀವೇ ಪಟ್ಟಿ ಮಾಡಬೇಡಿ. ಏನು ನೋಡಬೇಕು ಅಂತ ಅವರನ್ನು ಕೇಳಿ. ವಿಚಿತ್ರ ಅನಿಸಿದರೂ ಕರೆದುಕೊಂಡು ಹೋಗಿ.

2022ರಲ್ಲಿ ಇಂಗ್ಲೆಂಡ್ ಹೆಣ್ಣುಮಕ್ಕಳು ಯೂರೋ ಕಪ್ ಗೆದ್ದಾಗ ಮಗಳ ಜೊತೆ ಅಲ್ಲಿದ್ದೆ. ಇಂಗ್ಲೆಂಡ್ ಜರ್ಸಿ ಹಾಕಿಕೊಂಡು ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. ಹೊರಗೆ ಬರುವಾಗ, "ಇಲ್ಲೇ ನಾವು ಇವರನ್ನು 4-0 ಸೋಲಿಸಿದ್ದೆವು" ಎಂದೆ.

"ನಾವು ಅಂದ್ರೆ ಯಾರಪ್ಪಾ?" ಎಂದಳು.

"ನಿನ್ನ ತಾತ" ಎಂದೆ. ಟ್ರೇನ್ ಹತ್ತುವವರೆಗೂ ತಾತನ ಬಗ್ಗೆ ಕೇಳುತ್ತಲೇ ಇದ್ದಳು.