ಗಂಜಿ, ಜೊಲ್ಲು, ಅಯೋಡಿನ್: ಪಿಷ್ಟ ಒಡೆಯುವುದನ್ನು ಮನೆಯಲ್ಲೇ ನೋಡುವುದು ಹೇಗೆ?

ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಗಳಲ್ಲಿ ಸುಗ್ಗಿ ಮುಗಿದ ಮೇಲೆ ಭತ್ತ ಕಣಜ ಸೇರುತ್ತದೆ, ಹುಲ್ಲು ಕೊಟ್ಟಿಗೆಯ ಅಟ್ಟ ಸೇರುತ್ತದೆ. ಅಕ್ಕಿಯಲ್ಲಿರುವ ಪಿಷ್ಟ, ಹುಲ್ಲಿನಲ್ಲಿರುವ ಸೆಲ್ಯುಲೋಸ್ ಎರಡೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಅಣುಗಳು ಸಾಲಾಗಿ ಬೆಸೆದುಕೊಂಡು ಆದವು. ಹಾಗಿದ್ದೂ ಅನ್ನ ನಮಗೆ ಜೀರ್ಣವಾಗುತ್ತದೆ, ಹುಲ್ಲು ಆಗುವುದಿಲ್ಲ. ಆ ಬೆಸುಗೆ ಯಾವ ಬಗೆಯದು, ಅದನ್ನು ಬಿಡಿಸಬಲ್ಲ ಕಿಣ್ವ ನಮ್ಮ ಮೈಯಲ್ಲಿ ಇದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಪಠ್ಯಪುಸ್ತಕದ ಒಂದೆರಡು ಸಾಲಿನಲ್ಲಿ ಮುಗಿದುಹೋಗುವ ಈ ಸಂಗತಿಯನ್ನು ಪ್ರೌಢಶಾಲೆಯ ಪ್ರತಿಯೊಂದು ಮಗುವೂ ಕಣ್ಣಾರೆ ನೋಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಅದಕ್ಕೆ ಅಡುಗೆಮನೆ ಮತ್ತು ಅರ್ಧ ಗಂಟೆ ಬಿಡುವು ಸಾಕು.

ಬೇಕಾಗುವುದು ಒಂದು ಚಮಚ ಅಕ್ಕಿಹಿಟ್ಟು, ಮೂರು ಗಾಜಿನ ಲೋಟ, ಒಂದು ಬಿಳಿ ಪಿಂಗಾಣಿ ತಟ್ಟೆ, ಸ್ವಲ್ಪ ಹತ್ತಿ, ಮತ್ತು ಔಷಧದ ಅಂಗಡಿಯಲ್ಲಿ ಗಾಯಕ್ಕೆಂದು ಕೊಡುವ ಪೊವಿಡೋನ್ ಅಯೋಡಿನ್ ದ್ರಾವಣ. ಮುಲಾಮು ಬೇಡ, ದ್ರಾವಣವೇ ಬೇಕು. ಅಯೋಡಿನ್ ಬಟ್ಟೆಗೆ ತಾಗಿದರೆ ಕಲೆಯಾಗುತ್ತದೆ. ಅದು ಬೆರೆತ ಯಾವುದನ್ನೂ ಬಾಯಿಗೆ ಹಾಕಬಾರದು. ಅಯೋಡಿನ್ ಒಗ್ಗದವರು ಅದನ್ನು ಮುಟ್ಟಬಾರದು. ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲಿ.

ಮೊದಲು ಅಕ್ಕಿಹಿಟ್ಟನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಗಂಟಾಗದಂತೆ ಕದಡಿ, ಕುದಿಸಿ, ಪೂರ್ತಿ ಆರಿಸಿ, ತೆಳುಬಟ್ಟೆಯಲ್ಲಿ ಸೋಸಿ. ಈ ತಿಳಿಯ ಒಂದು ಚಮಚಕ್ಕೆ ಐದು ಚಮಚ ನೀರಿನಂತೆ ಬೆರೆಸಿಟ್ಟುಕೊಳ್ಳಿ, ಏಕೆಂದರೆ ಗಂಜಿ ದಪ್ಪಗಿದ್ದಷ್ಟೂ ಕಾಯುವ ಹೊತ್ತು ಹೆಚ್ಚುತ್ತದೆ. ಆರಿಸುವುದನ್ನು ಮರೆಯಬಾರದು: ಬಿಸಿ ಗಂಜಿಯಲ್ಲಿ ಅಯೋಡಿನ್ನಿನ ನೀಲಿ ಬಣ್ಣ ಮೂಡುವುದೇ ಇಲ್ಲ. ಬಳಿಕ ಎರಡು ಚಮಚ ನೀರಿಗೆ ಎರಡು ಮೂರು ಹನಿ ಅಯೋಡಿನ್ ಹಾಕಿ, ಹಾಲು ಹಾಕದ ತೆಳು ಚಹಾದ ಬಣ್ಣ ಬಂದರೆ ಸರಿಯಾಯಿತು.

ಇನ್ನು ಜೊಲ್ಲು. ಬಾಯಿಯನ್ನು ಚೆನ್ನಾಗಿ ಮುಕ್ಕಳಿಸಿ, ಎರಡು ಚಮಚದಷ್ಟು ಜೊಲ್ಲನ್ನು ಬಟ್ಟಲಿನಲ್ಲಿ ಕೂಡಿಸಿ ಅಷ್ಟೇ ನೀರು ಬೆರೆಸಿ. ಇದರಲ್ಲಿ ಅರ್ಧವನ್ನು ಪುಟ್ಟ ಸ್ಟೀಲ್ ಬಟ್ಟಲಿಗೆ ಹಾಕಿ, ಆ ಬಟ್ಟಲನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೆಗೆದು ಆರಿಸಿ. ಈಗ ಮೂರು ಲೋಟಗಳಿಗೂ ನಾಲ್ಕು ನಾಲ್ಕು ಚಮಚ ಗಂಜಿ ನೀರು ಹಾಕಿ, ಒಂದನೆಯದಕ್ಕೆ ಬರೀ ನೀರು, ಎರಡನೆಯದಕ್ಕೆ ಹಸಿ ಜೊಲ್ಲು, ಮೂರನೆಯದಕ್ಕೆ ಕುದಿಸಿದ ಜೊಲ್ಲು, ಹೀಗೆ ಒಂದೊಂದು ಚಮಚ ಸೇರಿಸಿ. ಜೊಲ್ಲಿನಲ್ಲಿರುವ ಅಮೈಲೇಸ್ ಕಿಣ್ವ ಚುರುಕಾಗಿ ಕೆಲಸ ಮಾಡುವುದು ನಮ್ಮ ಮೈಬಿಸಿಯಾದ 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ. ಆಗುಂಬೆಯಂಥ ಕಡೆ ಮಳೆಗಾಲದಲ್ಲಿ ಇದನ್ನು ಮಾಡುವವರು ಮೂರೂ ಲೋಟಗಳನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಡುವುದೇ ಒಳ್ಳೆಯದು.

ತಟ್ಟೆಯ ಮೇಲೆ ಅಯೋಡಿನ್ ನೀರಿನ ಹನಿಗಳನ್ನು ಸಾಲಾಗಿ ಇಟ್ಟು, ಎರಡೆರಡು ನಿಮಿಷಕ್ಕೊಮ್ಮೆ ಪ್ರತಿ ಲೋಟದಿಂದ ಒಂದೊಂದು ಹನಿಯನ್ನು ಬೇರೆ ಬೇರೆ ಚಮಚದಿಂದ ತೆಗೆದು ಅವುಗಳ ಮೇಲೆ ಬಿಡಿ. ಒಂದನೆಯ ಲೋಟದ ಹನಿ ಪ್ರತಿ ಸಲವೂ ಕಡುನೀಲಿಯಾಗುತ್ತದೆ. ಎರಡನೆಯದರ ಹನಿಯನ್ನು ಮಾತ್ರ ಗಮನವಿಟ್ಟು ನೋಡಬೇಕು: ಮೊದಲು ನೀಲಿ, ನಂತರ ನೇರಳೆ, ಆಮೇಲೆ ಕೆಂಪು ಮಿಶ್ರಿತ ಕಂದು, ಕೊನೆಗೆ ಅಯೋಡಿನ್ನಿನ ಮೂಲ ಬಣ್ಣವೇ ಉಳಿಯುತ್ತದೆ. ಪಿಷ್ಟದ ಒಂದು ಭಾಗವಾದ ಅಮೈಲೋಸ್ ಸುರುಳಿ ಸುತ್ತಿಕೊಂಡಿರುತ್ತದೆ. ಆ ಸುರುಳಿಯೊಳಗೆ ಅಯೋಡಿನ್ ಸೇರಿದಾಗ ನೀಲಿ ಕಾಣುತ್ತದೆ. ಅಮೈಲೇಸ್ ಒಂದೊಂದು ಬೆಸುಗೆಯನ್ನು ಬಿಡಿಸಿದಾಗಲೂ ನೀರಿನ ಒಂದು ಅಣು ಅಲ್ಲಿ ವ್ಯಯವಾಗುತ್ತದೆ, ಸುರುಳಿ ತುಂಡಾಗುತ್ತಾ ಹೋಗುತ್ತದೆ, ತುಂಡುಗಳು ಚಿಕ್ಕದಾದಂತೆ ಬಣ್ಣ ಬದಲಾಗುತ್ತದೆ. ಕೊನೆಗೆ ಹೆಚ್ಚಾಗಿ ಉಳಿಯುವುದು ಎರಡು ಗ್ಲೂಕೋಸ್ ಜೋಡಿಸಿಕೊಂಡಿರುವ ಮಾಲ್ಟೋಸ್ ಎಂಬ ಸಕ್ಕರೆ. ಅದು ಗ್ಲೂಕೋಸ್ ಆಗುವುದು ಸಣ್ಣ ಕರುಳಿನಲ್ಲಿ.

ಮೂರನೆಯ ಲೋಟದ ಹನಿ ನೀಲಿಯಾಗಿಯೇ ಇರುತ್ತದೆ. ಕಿಣ್ವವೆಂದರೆ ಮಡಚಿಕೊಂಡ ಪ್ರೋಟೀನ್. ಕುದಿಸಿದಾಗ ಆ ಮಡಿಕೆ ಬಿಚ್ಚಿಹೋಗಿ, ಪಿಷ್ಟವನ್ನು ಹಿಡಿದುಕೊಳ್ಳುವ ಅದರ ಆಕಾರವೇ ಕೆಡುತ್ತದೆ. ಇಬ್ಬರು ಮಕ್ಕಳ ಜೊಲ್ಲು ಒಂದೇ ವೇಗದಲ್ಲಿ ಕೆಲಸ ಮಾಡದಿದ್ದರೆ ಪ್ರಯೋಗ ಕೆಟ್ಟಿತೆಂದು ತಿಳಿಯಬೇಡಿ. ಅಮೈಲೇಸ್ ತಯಾರಿಸುವ ಜೀನ್ ಎಷ್ಟು ಪ್ರತಿಗಳಲ್ಲಿದೆ ಎಂಬುದೇ ಒಬ್ಬರಿಂದೊಬ್ಬರಿಗೆ ಬೇರೆಯಾಗಿರುತ್ತದೆ.

ಹುಲ್ಲಿನ ಬದಲು ಇಲ್ಲಿ ಹತ್ತಿ ಬಳಸುವುದು, ಅದು ಬಹುಪಾಲು ಸೆಲ್ಯುಲೋಸ್ ಆಗಿರುವುದರಿಂದ. ಅಯೋಡಿನ್ ಹನಿಸಿದರೆ ಹತ್ತಿ ನೀಲಿಯಾಗುವುದಿಲ್ಲ; ಹಸಿ ಜೊಲ್ಲಿನಲ್ಲಿ ಎಷ್ಟು ಹೊತ್ತು ನೆನೆಸಿಟ್ಟರೂ ಎಳೆ ಎಳೆಯಾಗಿಯೇ ಇರುತ್ತದೆ. ಸೆಲ್ಯುಲೋಸಿನಲ್ಲಿ ಪ್ರತಿ ಗ್ಲೂಕೋಸ್ ತನ್ನ ಪಕ್ಕದ ಗ್ಲೂಕೋಸಿಗೆ ತಿರುಗುಮುರುಗಾಗಿ ಜೋಡಿಸಿಕೊಂಡಿರುತ್ತದೆ. ಅದರಿಂದಾಗಿ ಸುರುಳಿ ಸುತ್ತುವುದಿಲ್ಲ, ನೆಟ್ಟಗೆ ನಿಲ್ಲುತ್ತದೆ. ಅಂಥ ನೂರಾರು ಸಾಲುಗಳು ಮೈಗೆ ಮೈ ತಾಗಿಸಿ ಗಟ್ಟಿ ನಾರಾಗುತ್ತವೆ, ಅಮೈಲೇಸಿಗೆ ಆ ಬೆಸುಗೆ ಎಟುಕುವುದಿಲ್ಲ. ಕೊಟ್ಟಿಗೆಯ ಮಲೆನಾಡು ಗಿಡ್ಡಕ್ಕೂ ಸೆಲ್ಯುಲೋಸ್ ಒಡೆಯುವ ಸ್ವಂತ ಕಿಣ್ವವಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಹಸುವಿನ ಮೊದಲ ಹೊಟ್ಟೆಯಾದ ರೂಮೆನ್‌ನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡುತ್ತವೆ. ಅವು ಹುಲ್ಲನ್ನು ಹುಳಿಸಿ ಬಿಡುವ ಅಸಿಟಿಕ್, ಪ್ರೊಪಿಯೋನಿಕ್ ಮೊದಲಾದ ಆಮ್ಲಗಳೇ ಹಸುವಿಗೆ ಶಕ್ತಿಯ ಮುಖ್ಯ ಮೂಲ.

ಹೊಟ್ಟೆಯ ಆಮ್ಲ ತಾಗಿದಾಗ ಜೊಲ್ಲಿನ ಅಮೈಲೇಸ್ ಏನಾಗುತ್ತದೆ ಎಂಬುದನ್ನೂ ನೋಡಬೇಕೆನ್ನುವವರು ನಾಲ್ಕನೆಯ ಲೋಟದಲ್ಲಿ ಗಂಜಿ ನೀರು, ಅರ್ಧ ಚಮಚ ವಿನೆಗರ್, ಹಸಿ ಜೊಲ್ಲು ಬೆರೆಸಿ ಇಡಬಹುದು. ನೀಲಿ ಬಹಳ ಹೊತ್ತು ಉಳಿಯುತ್ತದೆ. ವಿನೆಗರ್ ಇಲ್ಲವೆಂದು ನಿಂಬೆರಸ ಹಿಂಡಬಾರದು, ಏಕೆಂದರೆ ಅದರಲ್ಲಿರುವ ವಿಟಮಿನ್ ಸಿ ಅಯೋಡಿನ್ನಿನ ಬಣ್ಣವನ್ನೇ ತೆಗೆದುಬಿಡುತ್ತದೆ, ಪಿಷ್ಟ ಹಾಗೆಯೇ ಉಳಿದಿದ್ದರೂ ಒಡೆದುಹೋದಂತೆ ಕಾಣುತ್ತದೆ.