ಹಡಗಿನ ಬಿಸಿನೀರಿನ ಟಬ್: ಇಳಿಯುವ ಮುಂಚೆ ಏನೇನು ನೋಡಬೇಕು?

ಕಲಬುರಗಿಗೂ ಸಮುದ್ರಕ್ಕೂ ಎಲ್ಲಿಯ ಸಂಬಂಧ ಅನ್ನುವ ಕಾಲ ಹೋಯಿತು. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮುಂಬೈ. ಅಲ್ಲಿಂದ ಗೋವಾಕ್ಕೋ ಲಕ್ಷದ್ವೀಪಕ್ಕೋ ಹೊರಡುವ ಕ್ರೂಸ್ ಹಡಗು. ರಿಟೈರ್ ಆದ ಮಾಸ್ತರರು, ಹೊಸದಾಗಿ ಮದುವೆಯಾದವರು, ಅಮೆರಿಕದಲ್ಲಿರುವ ಮಗ ಟಿಕೆಟ್ ತೆಗೆಸಿಕೊಟ್ಟ ಅಪ್ಪ-ಅಮ್ಮ, ಹೀಗೆ ನಮ್ಮ ಕಡೆಯಿಂದ ಹೋಗುವವರು ಈಗ ಸಾಕಷ್ಟು ಇದ್ದಾರೆ. ಹಡಗಿನ ಫೋಟೊಗಳಲ್ಲಿ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಮೇಲಿನ ಡೆಕ್ಕಿನಲ್ಲಿ ಬುಳುಬುಳು ಅನ್ನುವ ಬಿಸಿನೀರಿನ ಟಬ್.

ಹಡಗು ಹತ್ತಿ ಟವೆಲ್ ಹೆಗಲಿಗೆ ಹಾಕಿಕೊಂಡು ಹೋದರೆ ಅಲ್ಲಿ ಹಗ್ಗ ಕಟ್ಟಿ ‘ಬಂದ್’ ಅಂತ ಬೋರ್ಡ್ ಹಾಕಿರುತ್ತಾರೆ. ‘ಇಷ್ಟು ರೊಕ್ಕ ಕೊಟ್ಟು ಬಂದೀವಿ, ಇದನ್ನ ಬಂದ್ ಇಟ್ಟಾರಲ್ರೀ!’ ಅಂತ ಸಿಟ್ಟು ಬರುವುದು ಸಹಜ. ನನ್ನನ್ನು ಕೇಳಿದರೆ, ಮುಚ್ಚಿದ ಟಬ್‌ಗಿಂತ ಜಾಸ್ತಿ ಅನುಮಾನ ಪಡಬೇಕಾದದ್ದು ತೆರೆದ ಟಬ್ ಮೇಲೆ. ಅದನ್ನು ಹೇಗೆ ಪರೀಕ್ಷಿಸುವುದು, ಯಾರು ಇಳಿಯಬಾರದು, ವಾಪಸ್ ಬಂದ ಮೇಲೆ ಏನು ಗಮನಿಸಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ. ಊರ ಹತ್ತಿರದ ರೆಸಾರ್ಟಿನ ಟಬ್‌ಗೂ ಇದೇ ಲೆಕ್ಕ.

ಬೆಚ್ಚಗಿನ ನೀರಿನ ತೊಂದರೆ ಏನು?

ಬಿಸಿನೀರಿನ ಸ್ನಾನದ ಮೋಜು ನಮಗೇನು ಹೊಸದಲ್ಲ. ಬೀದರ್ ಕೋಟೆಯಲ್ಲಿ ಮ್ಯೂಸಿಯಂ ಮಾಡಿದ ಕಟ್ಟಡ ಹಿಂದೆ ಅರಮನೆಯ ಹಮಾಮು ಆಗಿತ್ತು. ಮನೆಯ ಬಚ್ಚಲಲ್ಲಿ ಹಂಡೆಯಿಂದ ತೆಗೆದು ಮೈಮೇಲೆ ಸುರಿದುಕೊಂಡ ನೀರು ನೇರ ಮೋರಿಗೆ ಹೋಗುತ್ತದೆ. ಟಬ್‌ನಲ್ಲಿ ಹಾಗಿಲ್ಲ. ಬೆಳಿಗ್ಗೆ ಕೂತವರ ಬೆವರು, ಎಣ್ಣೆ, ಕ್ರೀಮು ಎಲ್ಲ ಸೇರಿದ ಅದೇ ನೀರು ಫಿಲ್ಟರ್ ಮೂಲಕ ಸುತ್ತಿ ಸುತ್ತಿ ಸಂಜೆ ಕೂತವರ ಮೈಗೂ ತಾಗುತ್ತದೆ. ಕಾಪಾಡುವುದು ರೋಗಾಣು ಕೊಲ್ಲಲು ನೀರಿಗೆ ಹಾಕುವ ಕ್ಲೋರಿನ್ ಅಥವಾ ಬ್ರೋಮಿನ್ ಮಾತ್ರ. ನೀರು ಬಿಸಿಯಾದಷ್ಟೂ, ಗುಳ್ಳೆ ಎದ್ದಷ್ಟೂ ಕ್ಲೋರಿನ್ ಬೇಗ ಖಾಲಿಯಾಗುತ್ತದೆ. ಈಜುಕೊಳಕ್ಕೆ ಹೋಲಿಸಿದರೆ ನೀರು ಕಡಿಮೆ, ಕೂರುವ ಮಂದಿ ಜಾಸ್ತಿ.

ಇನ್ನು ಉಷ್ಣತೆ. ಟಬ್ ನೀರು ಸಾಮಾನ್ಯವಾಗಿ 37ರಿಂದ 40 ಡಿಗ್ರಿ ಇರುತ್ತದೆ. ಮೊಸರಿಗೆ ಹೆಪ್ಪು ಹಾಕುವಾಗ ಹಾಲು ಎಷ್ಟು ಬೆಚ್ಚಗಿರುತ್ತದೋ ಹೆಚ್ಚುಕಡಿಮೆ ಅಷ್ಟು. ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಸೊಂಪಾಗಿ ಬೆಳೆಯುವುದು 25ರಿಂದ 45 ಡಿಗ್ರಿಯ ನಡುವೆ. ಪೈಪಿನ ಒಳಗೆ, ಫಿಲ್ಟರಿನಲ್ಲಿ ಲೋಳೆ ಕಟ್ಟಿತೆಂದರೆ ಅದರೊಳಗೆ ಕೂತುಬಿಡುತ್ತದೆ. ಕ್ಲೋರಿನ್ ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ.

ಈ ಬ್ಯಾಕ್ಟೀರಿಯಾ ಹೊಟ್ಟೆಯ ದಾರಿ ಹಿಡಿಯುವುದಿಲ್ಲ, ಉಸಿರಿನ ದಾರಿ ಹಿಡಿಯುತ್ತದೆ. ಗುಳ್ಳೆ ಒಡೆದಾಗ ಏಳುವ ಕಣ್ಣಿಗೆ ಕಾಣದ ಹನಿಗಳನ್ನು ಒಳಗೆಳೆದುಕೊಂಡರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರಬಹುದು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ‘ಅಮೆರಿಕನ್ ಲೀಜನ್’ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆದಿತ್ತು. ಅಲ್ಲಿಗೆ ಬಂದವರಲ್ಲಿ ಬಹಳ ಜನ ಕಾಯಿಲೆ ಬಿದ್ದರು, ಹಲವರು ಸತ್ತರು. ಲೀಜನೆಲ್ಲಾ ಅನ್ನುವ ಹೆಸರು ಬಂದದ್ದು ಅಲ್ಲಿಂದಲೇ.

ಹಡಗಿನ ಕಥೆ ಬೇಕೆಂದರೆ 1994ರದ್ದು ನೋಡಿ. ಹೊರೈಜನ್ ಎಂಬ ಕ್ರೂಸ್ ಹಡಗಿನ ಒಂಬತ್ತು ಯಾನಗಳಲ್ಲಿ ಒಟ್ಟು 50 ಪ್ರಯಾಣಿಕರಿಗೆ ಈ ಕಾಯಿಲೆ ತಗುಲಿದ್ದು ಪತ್ತೆಯಾಯಿತು. ಕೆಲವರಿಗೆ ಪರೀಕ್ಷೆಯಿಂದ ಖಚಿತವಾಗಿತ್ತು, ಉಳಿದವರಿಗೆ ಇದೇ ಇರಬೇಕು ಎನ್ನುವ ಲಕ್ಷಣಗಳಿದ್ದವು. ತನಿಖೆಗೆ ಬಂದವರು ಹುಡುಕುತ್ತಾ ಹೋದರೆ ಬ್ಯಾಕ್ಟೀರಿಯಾ ಸಿಕ್ಕಿದ್ದು ಬಿಸಿನೀರಿನ ಟಬ್‌ನ ಮರಳಿನ ಫಿಲ್ಟರಿನಲ್ಲಿ! ಟಬ್‌ನಲ್ಲಿ ಕೂತ ಪ್ರತಿ ಗಂಟೆಗೂ ಅಪಾಯ ಏರುತ್ತಾ ಹೋಗಿತ್ತು. ನೀರಿಗೆ ಇಳಿಯದೆ ಸುಮ್ನೆ ಪಕ್ಕದಲ್ಲಿ ಕುರ್ಚಿ ಹಾಕಿ ಕೂತವರಿಗೂ ತಗುಲಿತ್ತು. ‘ನಾನು ಇಳಿಯೋದಿಲ್ಲಪ್ಪ, ದಂಡೆ ಮ್ಯಾಲ ಕೂಡ್ತೀನಿ’ ಅನ್ನುವ ಹಿರಿಯರು ಇದನ್ನು ನೆನಪಿಡಬೇಕು.

ಹೆಜ್ಜೆ 1: ಮನೆಯಲ್ಲೇ ತೀರ್ಮಾನ ಮಾಡಿ

ಯಾರು ಇಳಿಯಬೇಕು, ಯಾರು ಬೇಡ ಎನ್ನುವುದು ಡೆಕ್ಕಿನ ಮೇಲೆ ನಿಂತು ಮಾಡುವ ಚರ್ಚೆಯಲ್ಲ. 50 ದಾಟಿದವರು, ಬೀಡಿ-ಸಿಗರೇಟು ಸೇದುವವರು, ಸೇದಿ ಬಿಟ್ಟವರು, ದಮ್ಮು ಇರುವವರು, ಶುಗರ್ ಅಥವಾ ಕಿಡ್ನಿ ತೊಂದರೆ ಇರುವವರು, ಸ್ಟೀರಾಯ್ಡ್ ಇಲ್ಲವೇ ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಲಿ. ಶಹಾಬಾದ್ ಕಲ್ಲಿನ ಗಣಿಯಲ್ಲಿ, ಸಿಮೆಂಟಿನ ಧೂಳಿನಲ್ಲಿ ವರ್ಷಗಟ್ಟಲೆ ದುಡಿದು ಎದೆ ಹಾಳಾದವರು ನಮ್ಮ ಕಡೆ ಮನೆಮನೆಗೆ ಸಿಗುತ್ತಾರೆ. ಅಂಥ ಕಾಕಾ ನಿಮ್ಮ ಜೊತೆ ಬರುತ್ತಿದ್ದರೆ ಅವರಿಗೆ ಟಬ್ ಬೇಡ, ಅದರ ಪಕ್ಕದ ಕುರ್ಚಿಯೂ ಬೇಡ. ಗರ್ಭಿಣಿಯರು, 5 ವರ್ಷದೊಳಗಿನ ಮಕ್ಕಳು ಇಳಿಯಲೇಬಾರದು. ಅವರಿಗೆ ನೀರಿನ ಬಿಸಿಯೇ ಅಪಾಯ.

ಬ್ಯಾಗಿಗೆ ಒಂದು ಡಬ್ಬಿ ಟೆಸ್ಟ್ ಸ್ಟ್ರಿಪ್ ಹಾಕಿಕೊಳ್ಳಿ. ಈಜುಕೊಳದ ನೀರು ಪರೀಕ್ಷಿಸುವ ಕಾಗದದ ಪಟ್ಟಿಗಳಿವು. ಆನ್‌ಲೈನ್‌ನಲ್ಲಿ ಸಿಗುತ್ತವೆ, ತೂಕವಿಲ್ಲ, ಜಾಗ ತಿನ್ನುವುದಿಲ್ಲ.

ಹಡಗು ಅಮೆರಿಕದ ಬಂದರಿಗೆ ಹೋಗುವಂಥದ್ದಾದರೆ ಇನ್ನೊಂದು ಅನುಕೂಲ ಇದೆ. ಅಲ್ಲಿನ ಸಿಡಿಸಿ ಎಂಬ ಆರೋಗ್ಯ ಸಂಸ್ಥೆ ಇಂಥ ಹಡಗುಗಳನ್ನು ಮುನ್ಸೂಚನೆ ಇಲ್ಲದೆ ತಪಾಸಣೆ ಮಾಡಿ 100ಕ್ಕೆ ಅಂಕ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲ್. ಅಂಕಗಳು ಯಾರು ಬೇಕಾದರೂ ನೋಡುವಂತೆ ಇರುತ್ತವೆ. ಮಗ ಟಿಕೆಟ್ ತೆಗೆಸುವ ಮುಂಚೆ ಒಮ್ಮೆ ನೋಡಲಿಕ್ಕೆ ಹೇಳಿ.

ಹೆಜ್ಜೆ 2: ‘ಬಂದ್’ ಬೋರ್ಡ್ ಕಂಡರೆ ಕಾರಣ ಕೇಳಿ

ಟಬ್ ಮುಚ್ಚಲು ಕಾರಣ ಹಲವು. ಕ್ಲೋರಿನ್ ಇಳಿದಿರಬಹುದು, ನೀರು ಬದಲಿಸುತ್ತಿರಬಹುದು, ಸಮುದ್ರ ಜೋರಾಗಿರಬಹುದು. ಯಾವುದೋ ಮಗು ನೀರಿನಲ್ಲೇ ಕಕ್ಕ ಮಾಡಿರಬಹುದು. ನಗಬೇಡಿ, ಇದು ಆಗಾಗ ಆಗುವ ಸಂಗತಿ. ಭೇದಿ ಆಗಿದ್ದರೆ ಕೆಲಸ ಇನ್ನೂ ದೊಡ್ಡದು. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಮಾಮೂಲಿ ಕ್ಲೋರಿನ್ ನೀರಿನಲ್ಲಿ ಒಂದು ವಾರಕ್ಕಿಂತ ಹೆಚ್ಚು ಬದುಕಬಲ್ಲದು. ಅದನ್ನು ಕೊಲ್ಲಲು ಈಜುಕೊಳಗಳಲ್ಲಿ ಕ್ಲೋರಿನನ್ನು 20 ಪಿಪಿಎಂಗೆ (ಹತ್ತು ಲಕ್ಷ ಪಾಲು ನೀರಿಗೆ 20 ಪಾಲು) ಏರಿಸಿ ಸುಮಾರು 13 ಗಂಟೆ ಬಿಡಬೇಕಾಗುತ್ತದೆ. ಅರ್ಧ ಗಂಟೆಗೆ ಹಗ್ಗ ಬಿಚ್ಚಲು ಆಗುವ ಮಾತಲ್ಲ ಅದು.

ಕೌಂಟರಿಗೆ ಹೋಗಿ ಸಮಾಧಾನದಿಂದ ಕೇಳಿ: ಯಾಕೆ ಮುಚ್ಚಿದ್ದೀರಿ, ಯಾವಾಗ ತೆರೆಯುತ್ತೀರಿ, ಹಡಗಿನಲ್ಲಿ ವಾಂತಿ-ಭೇದಿ ಹರಡಿದೆಯಾ? ಕೊನೆಯ ಪ್ರಶ್ನೆಗೆ ಹೌದು ಅಂದರೆ ಟಬ್ ಮರೆತುಬಿಡಿ, ಕೈ ತೊಳೆಯುವ ಕಡೆ ಗಮನ ಕೊಡಿ. ಹಡಗುಗಳಲ್ಲಿ ವಾಂತಿ-ಭೇದಿ ಹರಡಿದಾಗ ಹೆಚ್ಚಿನ ಸಲ ಕಾರಣ ನೊರೊವೈರಸ್. ಅದಕ್ಕೆ ಬಾಗಿಲಲ್ಲಿಟ್ಟ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಸೋಪು, ನೀರು, 20 ಸೆಕೆಂಡ್ ಉಜ್ಜುವುದು. ಊಟಕ್ಕೆ ಮುಂಚೆ, ಶೌಚಾಲಯಕ್ಕೆ ಹೋಗಿ ಬಂದ ಮೇಲೆ ತಪ್ಪಿಸಬೇಡಿ.

ಹೆಜ್ಜೆ 3: ತೆರೆದಿದ್ದರೆ ಕಣ್ಣು, ಮೂಗು, ಕೈ, ಪಟ್ಟಿ

ಕಣ್ಣು: ಗುಳ್ಳೆ ನಿಂತಾಗ ತಳದ ಜಾಲರಿ ಸ್ಪಷ್ಟ ಕಾಣಬೇಕು. ಮಬ್ಬಾಗಿದ್ದರೆ, ನೊರೆ ಕರಗದೆ ಉಳಿದಿದ್ದರೆ ವಾಪಸ್ ಬನ್ನಿ. ಎಷ್ಟು ಮಂದಿಗೆ ಅವಕಾಶ ಎಂದು ಬೋರ್ಡಿನಲ್ಲಿ ಬರೆದಿರುತ್ತಾರೆ. ಅದಕ್ಕಿಂತ ಹೆಚ್ಚು ಜನ ಕೂತಿದ್ದರೆ ಆ ಹೊತ್ತಿಗೆ ಬಿಡಿ.

ಮೂಗು: ಘಾಟು ವಾಸನೆ ಬಂದರೆ ‘ಒಳ್ಳೆ ಔಷಧಿ ಹಾಕ್ಯಾರ’ ಅಂದುಕೊಳ್ಳುತ್ತೇವೆ. ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿದಾಗ ಹುಟ್ಟುವ ವಾಸನೆ ಅದು. ಸರಿಯಾಗಿ ನೋಡಿಕೊಂಡ ಟಬ್‌ನಲ್ಲಿ ವಾಸನೆ ಇದ್ದೂ ಇಲ್ಲದಂತೆ ಇರುತ್ತದೆ.

ಕೈ: ಒಳಗೋಡೆಯನ್ನು ನೀರಿನ ಮಟ್ಟದ ಕೆಳಗೆ ಬೆರಳಿನಿಂದ ಸವರಿ. ಲೋಳೆ ಲೋಳೆ ಅನಿಸಿದರೆ ಮುಂದಿನ ಪರೀಕ್ಷೆಯೇ ಬೇಡ.

ಇನ್ನು ಪಟ್ಟಿ. ಇದನ್ನು ಊರಲ್ಲೇ ಒಮ್ಮೆ ನಲ್ಲಿ ನೀರಿಗೆ ಅದ್ದಿ ಅಭ್ಯಾಸ ಮಾಡಿಕೊಳ್ಳಿ. ನಮ್ಮ ಓಣಿಯಲ್ಲಿ ರಿಟೈರ್ ಆದ ವಾಟರ್‌ಮ್ಯಾನ್ ಒಬ್ಬರಿದ್ದಾರೆ. ಗಾಜಿನ ನಳಿಗೆಗೆ ನಲ್ಲಿ ನೀರು ಹಿಡಿದು, ಸೀಸೆಯಿಂದ ಎರಡು-ಮೂರು ಹನಿ ಬಿಟ್ಟು, ಬಿಳಿ ಗೋಡೆಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಹಳದಿ ಬಂದಿತೋ ಇಲ್ಲವೋ ಎಂಬಷ್ಟು ತೆಳು. ‘ಕುಡಿಯೋ ನೀರಿಗಿ ಇಷ್ಟ ಸಾಕ್ರೀ ಅಕ್ಕೋರ’ ಅನ್ನುತ್ತಾರೆ. ಅವರ ಮಾತು ನಿಜ. ಕುಡಿಯುವ ನೀರಿನಲ್ಲಿ ನಲ್ಲಿ ತನಕ 0.2 ಪಿಪಿಎಂ ಕ್ಲೋರಿನ್ ಉಳಿದಿದ್ದರೆ ನಡೆಯುತ್ತದೆ. ಬಿಸಿನೀರಿನ ಟಬ್‌ಗೆ ಕಡಿಮೆಯೆಂದರೂ 3 ಪಿಪಿಎಂ ಬೇಕು, ಅಂದರೆ 15 ಪಟ್ಟು. ಮನೆಯ ನಲ್ಲಿ ನೀರಿಗೆ ಅದ್ದಿದಾಗ ಕಂಡ ಬಣ್ಣಕ್ಕೂ ಟಬ್‌ಗೆ ಅದ್ದಿದಾಗ ಕಾಣುವ ಬಣ್ಣಕ್ಕೂ ವ್ಯತ್ಯಾಸ ಎದ್ದು ಕಾಣಬೇಕು. ಎರಡೂ ಒಂದೇ ಥರ ತೆಳುವಾಗಿದ್ದರೆ ಆ ಟಬ್ ನಿಮಗೆ ಬೇಡ.

ಮಾಡುವ ರೀತಿ ಸುಲಭ. ನೀರು ಚಿಮ್ಮುವ ರಂಧ್ರದಿಂದ ದೂರ, ಮೊಣಕೈ ಆಳಕ್ಕೆ ಪಟ್ಟಿ ಅದ್ದಿ ತೆಗೆಯಿರಿ. ಕೊಡವಬೇಡಿ. ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡ್ ಕಾಯ್ದು ಬಣ್ಣ ಹೋಲಿಸಿ. ಬ್ರೋಮಿನ್ ಬಳಸುವ ಟಬ್ ಆದರೆ 4ರಿಂದ 8 ಪಿಪಿಎಂ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7.0ರಿಂದ 7.8ರ ಒಳಗಿರಬೇಕು. ಪಿಎಚ್ ಮೇಲೇರಿದರೆ ಕ್ಲೋರಿನ್ ಇದ್ದರೂ ಅದರ ಕಸುವು ಕಡಿಮೆ. ಒದ್ದೆ ಕೈ ಡಬ್ಬಿಗೆ ಹಾಕಿದರೆ ಉಳಿದ ಪಟ್ಟಿಗಳೆಲ್ಲ ಹಾಳು.

ಬೇರೆಯವರ ಎದುರು ಹೀಗೆ ಪಟ್ಟಿ ಅದ್ದಲು ಸಂಕೋಚ ಆಗಬಹುದು. ಹಾಗಾದರೆ ಅಲ್ಲಿನ ಹುಡುಗನನ್ನು ಕೇಳಿ: ಇವತ್ತಿನ ಕ್ಲೋರಿನ್ ಎಷ್ಟು, ಎಷ್ಟೊತ್ತಿಗೆ ನೋಡಿದಿರಿ? ಸರಿಯಾಗಿ ನಡೆಸುವ ಜಾಗದಲ್ಲಿ ಈ ಲೆಕ್ಕ ಬರೆದಿಡುತ್ತಾರೆ. ಉತ್ತರ ಹೇಳಲು ತಡವರಿಸಿದರೆ ಅದೇ ಉತ್ತರ ಅಂತ ತಿಳಿಯಿರಿ.

ಹೆಜ್ಜೆ 4: ಬಾಲ್ಕನಿಯ ಖಾಸಗಿ ಟಬ್ ಇದ್ದರೆ

ದುಡ್ಡು ಜಾಸ್ತಿ ಕೊಟ್ಟವರಿಗೆ ರೂಮಿನ ಬಾಲ್ಕನಿಯಲ್ಲೇ ಸ್ವಂತ ಟಬ್. ನಾವಿಬ್ಬರೇ ತಾನೆ, ಚೊಕ್ಕಟ ಇರುತ್ತೆ ಅಂತ ಯಾರಿಗಾದರೂ ಅನಿಸುತ್ತೆ, ಅಲ್ವಾ? 2022ರ ನವೆಂಬರಿನಿಂದ 2024ರ ಜೂನ್ ತನಕ ಎರಡು ಕ್ರೂಸ್ ಹಡಗುಗಳಲ್ಲಿ ಪ್ರಯಾಣಿಸಿದ 12 ಮಂದಿಗೆ ಲೀಜನೆಲ್ಲಾ ನ್ಯುಮೋನಿಯಾ ಆಯಿತು. ಸಿಡಿಸಿ ಹುಡುಕಿದಾಗ ಬೆರಳು ತೋರಿಸಿದ್ದು ಇಂಥ ಖಾಸಗಿ ಟಬ್‌ಗಳ ಕಡೆಗೆ. ಎಲ್ಲರೂ ಬಳಸುವ ಟಬ್‌ಗೆ ಇರುವಷ್ಟು ಕಟ್ಟುನಿಟ್ಟು ಇವಕ್ಕೆ ಇರಲಿಲ್ಲ. ಬೆಚ್ಚಗಿನ ನೀರು ದಿನಗಟ್ಟಲೆ ಹಾಗೇ ನಿಂತಿರುತ್ತಿತ್ತು. ಆಮೇಲೆ ಹಡಗಿನವರು ಕೇಳಿದಾಗ ಮಾತ್ರ ನೀರು ಬಿಸಿ ಮಾಡುವಂತೆ, ಬಳಸಿದ ಮೇಲೆ ಖಾಲಿ ಮಾಡುವಂತೆ ಬದಲಿಸಿಕೊಂಡರು.

ಆದ್ದರಿಂದ ರೂಮಿಗೆ ಹೋದ ಕೂಡಲೇ ಟಬ್‌ನಲ್ಲಿ ನೀರು ತುಂಬಿಟ್ಟಿದ್ದರೆ ಖುಷಿಪಡಬೇಡಿ. ಖಾಲಿ ಮಾಡಿಸಿ, ತೊಳೆಸಿ, ನಿಮ್ಮೆದುರೇ ತುಂಬಿಸಿ ಅಂತ ಹೇಳಿ. ದುಡ್ಡು ಕೊಟ್ಟಿದ್ದೀರಿ, ಕೇಳಲು ಸಂಕೋಚ ಬೇಡ.

ಹೆಜ್ಜೆ 5: ಇಳಿಯುವಾಗ, ಎದ್ದು ಬರುವಾಗ

ಮೊದಲು ಸೋಪು ಹಚ್ಚಿ ಸ್ನಾನ. ತಲೆಗೆ ಹಚ್ಚಿದ ಎಣ್ಣೆ, ಮೈಗೆ ಹಚ್ಚಿದ ಕ್ರೀಮು ಕ್ಲೋರಿನನ್ನು ತಿಂದುಹಾಕುತ್ತವೆ. ಉಟ್ಟ ಬಟ್ಟೆಯಲ್ಲೇ ಇಳಿಯಬೇಡಿ. ನೀರು 40 ಡಿಗ್ರಿ ದಾಟಿರಬಾರದು, 15 ನಿಮಿಷಕ್ಕೆ ಎದ್ದುಬಿಡಿ. ಮುಖ ಗುಳ್ಳೆಗಳಿಂದ ದೂರ ಇರಲಿ, ತಲೆ ಮುಳುಗಿಸಬೇಡಿ. ಕುಡಿದು ಇಳಿಯಬೇಡಿ. ಹೊಟ್ಟೆ ಕೆಟ್ಟವರು ನೀರಿನ ಹತ್ತಿರವೂ ಬರಬಾರದು. ಬಂದ ಮೇಲೆ ಒದ್ದೆ ಬಟ್ಟೆ ತೆಗೆದು ಮತ್ತೆ ಸೋಪಿನ ಸ್ನಾನ. ಸ್ಯೂಡೊಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಚರ್ಮದ ಮೇಲೆ, ಅದರಲ್ಲೂ ಬಟ್ಟೆ ಅಂಟಿಕೊಂಡ ಕಡೆ, ಕೆಂಪು ತುರಿಕೆ ಗುಳ್ಳೆ ಎಬ್ಬಿಸುತ್ತದೆ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನೇ ಹೋಗುತ್ತದೆ, ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಹೆಜ್ಜೆ 6: ಊರಿಗೆ ಬಂದ ಮೇಲೆ 14 ದಿನ

ಲೀಜನೆಲ್ಲಾ ಒಳಹೊಕ್ಕ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು 2ರಿಂದ 14 ದಿನ ಬೇಕು. ಅಷ್ಟರಲ್ಲಿ ನೀವು ಯಾದಗಿರಿಯಲ್ಲೋ ಆಳಂದದಲ್ಲೋ ಮನೆಯಲ್ಲಿರುತ್ತೀರಿ. ಜ್ವರ, ಕೆಮ್ಮು, ಮೈಕೈ ನೋವು, ತಲೆನೋವು, ಏದುಸಿರು, ಕೆಲವರಿಗೆ ಭೇದಿ. ‘ಹವಾ ಬದಲಾಗ್ಯದ’ ಎಂದು ಮೆಡಿಕಲ್ ಶಾಪಿನ ಗುಳಿಗೆ ನುಂಗುತ್ತಾ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ ‘ಹಡಗಿಗೆ ಹೋಗಿದ್ದೆ, ಬಿಸಿನೀರಿನ ಟಬ್‌ನಲ್ಲಿ ಕೂತಿದ್ದೆ’ ಅಂತ ನೀವಾಗೇ ಹೇಳಿ. ಅವರು ಕೇಳಲಿಕ್ಕಿಲ್ಲ, ಯಾಕೆಂದರೆ ನಮ್ಮ ಕಡೆ ಇದು ಅವರ ತಲೆಗೆ ಸುಲಭಕ್ಕೆ ಹೊಳೆಯುವ ಕಾರಣವಲ್ಲ. ಮೂತ್ರದ ಪರೀಕ್ಷೆಯಿಂದ ಇದನ್ನು ಪತ್ತೆ ಮಾಡಬಹುದು. ನ್ಯುಮೋನಿಯಾಕ್ಕೆ ರೂಢಿಯಲ್ಲಿ ಕೊಡುವ ಅಮಾಕ್ಸಿಸಿಲಿನ್ ಥರದ ಔಷಧಿ ಇದಕ್ಕೆ ತಾಗುವುದಿಲ್ಲ, ಬೇರೆ ಆ್ಯಂಟಿಬಯಾಟಿಕ್ ಬೇಕು. ಅದಕ್ಕೇ ನಿಮ್ಮ ಆ ಒಂದು ಮಾತು ಮುಖ್ಯ. ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಮನೆಯವರು ಹೆದರಬೇಕಾಗಿಲ್ಲ.

ಮನೆಯ ನೀರನ್ನೂ ಒಮ್ಮೆ ನೋಡಿ. ನಮ್ಮ ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು ಮಧ್ಯಾಹ್ನ ಕೈ ಇಡಲಾರದಷ್ಟು ಕಾಯುತ್ತದೆ, ರಾತ್ರಿ ಉಗುರುಬೆಚ್ಚಗಾಗುತ್ತದೆ. ವಾರಗಟ್ಟಲೆ ಮನೆ ಬೀಗ ಹಾಕಿ ಹೋಗಿದ್ದರೆ ಬಂದ ದಿನ ನೇರ ಶವರ್ ಕೆಳಗೆ ನಿಲ್ಲಬೇಡಿ. ಕಿಟಕಿ ತೆರೆದು, ನಲ್ಲಿಗಳನ್ನು ಕೆಲವು ನಿಮಿಷ ಬಿಡಿ. ಬೋರ್ ನೀರಿನ ಮನೆಯಾದರೆ ಶವರಿನ ತೂತುಗಳಲ್ಲಿ ಬಿಳಿ ಉಪ್ಪು ಕಟ್ಟಿರುತ್ತದೆ. ಅದನ್ನು ಬಿಚ್ಚಿ ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ, ಹಳೆ ಟೂತ್‌ಬ್ರಶ್‌ನಿಂದ ಉಜ್ಜಿ ತೊಳೆದು ಮತ್ತೆ ಹಾಕಿ.